ಬಿಸಿಲಿಗಿಟ್ಟ ರಕ್ತ

ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಗೇಟಿನ ಆಚೆ ಇರುವ ದಶರಥನಿಗೆ ಒಂದು ಕೆಟ್ಟ ಚಾಳಿ ಇದೆ. ಯಾರೇ ಎದುರಿಗೆ ಬಂದರೂ ಅವನು ಮೊದಲು ನೋಡುವುದು ಮುಖವನ್ನಲ್ಲ, ಮೊಣಕೈಯ ಒಳಮಡಿಕೆಯನ್ನು. ನರ ಎದ್ದು ಕಾಣುತ್ತದೆಯೋ, ಹುಡುಕಬೇಕೋ, ಸೂಜಿ ಕಂಡರೆ ಜಾರುವಂಥದೋ, ಅಷ್ಟು ತಿಳಿದ ಮೇಲೆಯೇ "ಆರಾಮ ಅದೀರಿ?" ಎಂದು ಕೇಳುತ್ತಾನೆ. ಇಪ್ಪತ್ತಾರು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗಲೂ ಚಹಾ ತಂದ ಹುಡುಗಿಯ ಕೈ ನೋಡುತ್ತ ಕೂತುಬಿಟ್ಟಿದ್ದ. ಆ ಹುಡುಗಿಯೇ ಈಗಿನ ಹೆಂಡತಿ ರುಕ್ಮವ್ವ. "ನನ್ನ ಮಾರಿ ನೋಡಿದ್ದು ಮದವಿ ಆದ ಮ್ಯಾಲೇ" ಎಂದು ಬಂದವರ ಮುಂದೆಲ್ಲ ಹೇಳಿ ಅವನ ಮಾನ ಕಳೆಯುತ್ತಾಳೆ. ಅವನು ನಗುತ್ತಾನೆ. ನರ ಚೆನ್ನಾಗಿತ್ತು ಎಂಬುದರಲ್ಲಿ ಅವನಿಗೆ ಇಂದಿಗೂ ಅನುಮಾನವಿಲ್ಲ.

ಊರಿನ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವನ ಕೆಲಸ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಗೆ ನೆಲ ಒರೆಸಲು ಸೇರಿದವನು. ಬಬಲೇಶ್ವರದಲ್ಲಿ ಕೂಲಿ ಮಾಡಿಕೊಂಡಿದ್ದ ಅವನ ಅಪ್ಪನಿಗೆ ಐವತ್ತೆರಡರ ಹೊತ್ತಿಗೆ ಕಾಲು ಬಾತವು, ಹತ್ತು ಹೆಜ್ಜೆ ನಡೆದರೆ ದಮ್ಮು ಹತ್ತತೊಡಗಿತು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂರುವಂತಾಯಿತು. "ಕಾಲಿಗಿ ನೀರ ಇಳದೈತಿ" ಎಂದರು ಮಂದಿ. ಹರಳೆಣ್ಣೆ ತಿಕ್ಕಿದರು, ಎಲೆ ಕಾಯಿಸಿ ಕಟ್ಟಿದರು. ಕೊನೆಗೆ ವಿಜಯಪುರಕ್ಕೆ ತಂದಾಗ ಡಾಕ್ಟರು ಎದೆ ಕೇಳಿ, "ಹೃದಯದ ಬಲ ಹೋಗಿದೆ. ಎರಡು ವರ್ಷ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು" ಎಂದರು. ಎರಡು ವರ್ಷ ಮೊದಲು ಅಪ್ಪ ಕ್ವಿಂಟಲ್ ಚೀಲಕ್ಕೆ ಬೆನ್ನು ಕೊಡುತ್ತಿದ್ದ. ಅವನ ಯಾವ ಲಕ್ಷಣ ನೋಡಿ ಕರೆತರಬೇಕಿತ್ತು? ದಶರಥ ಅದನ್ನು ಆ ಡಾಕ್ಟರಿಗೆ ಕೇಳಲಿಲ್ಲ. ಅಪ್ಪ ತೀರಿಕೊಂಡ ತಿಂಗಳಿಗೆ ಅದೇ ಆಸ್ಪತ್ರೆಯಲ್ಲಿ ಕಸಬರಿಗೆ ಹಿಡಿದ. ಒರೆಸುತ್ತ ಒರೆಸುತ್ತ ನೋಡಿ ಕಲಿತ, ಮೂವತ್ತು ದಾಟಿದ ಮೇಲೆ ಮಕ್ಕಳ ವಯಸ್ಸಿನವರ ಪಕ್ಕ ಕೂತು ಲ್ಯಾಬ್ ಡಿಪ್ಲೊಮಾ ಮುಗಿಸಿದ. ಆದರೆ ಆ ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ.

ಹಾಗಾಗಿ ಡಾಕ್ಟರ್ ನೇತ್ರಾ ತಮ್ಮ ಸಂಶೋಧನೆಗೆ ಜನ ಹುಡುಕುತ್ತಿದ್ದಾಗ, ಯಾರೂ ಕೇಳದೆಯೇ ಎದ್ದು ನಿಂತವನು ದಶರಥ. ನೇತ್ರಾ ಮೂವತ್ತೈದರ ಹೆಣ್ಣುಮಗಳು, ಆಸ್ಪತ್ರೆಯ ಸಂಶೋಧನಾ ವಿಭಾಗದವರು. ಅವರ ವಿಷಯ ಹಾರ್ಟ್ ಫೇಲ್ಯೂರ್. ಹಾರ್ಟ್ ಫೇಲ್ ಎಂದರೆ ನಮ್ಮ ಕಡೆ ಜನ ಸತ್ತೇ ಹೋದ ಎಂದು ತಿಳಿಯುತ್ತಾರೆ. ಹಾಗಲ್ಲ, ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಮೈಗೆ ಬೇಕಾದಷ್ಟು ರಕ್ತ ಒತ್ತುವ ತಾಕತ್ತು ಅದಕ್ಕೆ ಉಳಿದಿರುವುದಿಲ್ಲ. ಕಾಲು ಬಾಯುವುದು, ದಮ್ಮು ಹತ್ತುವುದು ಎಲ್ಲ ಆಮೇಲಿನ ಮಾತು.

"ಅದಕ್ಕೂ ಮೊದಲ ಏನರೆ ಗುರುತು ಸಿಗತೈತೇನ್ರಿ ಮೇಡಂ?" ಎಂದು ಕೇಳಿದ್ದ ದಶರಥ.

"ಅದನ್ನ ಹುಡಕಾಕತ್ತೀನಿ ದಶರಥಣ್ಣ" ಎಂದಿದ್ದರು ನೇತ್ರಾ. ಹೃದಯದ ಕೋಶಗಳಿಗೆ ಸಂಕಟವಾದಾಗ ಅವು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ಕಟ್ಟಿ ರಕ್ತಕ್ಕೆ ಬಿಡುತ್ತವಂತೆ. ಆ ಚೀಲಕ್ಕೆ ಎಕ್ಸೋಸೋಮ್ ಎಂದು ಹೆಸರು. ಅದರೊಳಗೆ ಮೈಕ್ರೋ ಆರ್‌ಎನ್‌ಎ ಎಂಬ ತುಂಡು ತುಂಡು ಎಳೆಗಳಿರುತ್ತವೆ. ಚೀಲ ಹೋಗಿ ಬೇರೆ ಕೋಶವನ್ನು ಸೇರಿದರೆ, ಆ ಎಳೆ ಅಲ್ಲಿ ಕೆಲವು ಕೆಲಸಗಳನ್ನು ತಡೆಹಿಡಿಯುತ್ತದೆ. ಕೆಲವು ಎಳೆಗಳಿಂದ ಹೃದಯಕ್ಕೆ ಒಳ್ಳೆಯದಾಗುತ್ತದೆ, ಕೆಲವು ಸೇರಿದ ಕಡೆ ಮೆತ್ತಗಿದ್ದ ಮಾಂಸ ಬಿರುಸಾಗುತ್ತ ಹೋಗುತ್ತದೆ. ಯಾವ ರೋಗಿಯ ರಕ್ತದಲ್ಲಿ ಯಾವ ಎಳೆ ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ಒಂದು ವರ್ಷ ನೋಡುತ್ತ ಹೋದರೆ, ಹೃದಯ ಸೋಲುವ ಮೊದಲೇ ಅದರ ಸುದ್ದಿ ಹಿಡಿಯಬಹುದೇನೋ. ಆಗಬಹುದು, ಆಗದೆಯೂ ಇರಬಹುದು. ನೇತ್ರಾ ಎರಡನ್ನೂ ಹೇಳಿದ್ದರು.

ದಶರಥ ಇದನ್ನು ಹಳ್ಳಿಯವರಿಗೆ ತನ್ನದೇ ರೀತಿಯಲ್ಲಿ ಹೇಳುತ್ತಿದ್ದ: "ನಿಮ್ಮ ಎದಿ ತನ್ನ ತ್ರಾಸ ಗಂಟು ಕಟ್ಟಿ ರಕ್ತದಾಗ ಬಿಡತೈತ್ರಿ. ನಾವು ಆ ಗಂಟು ಬಿಚ್ಚಿ ನೋಡಾವ್ರು."

ಗಂಟು ಬಿಚ್ಚುವುದಕ್ಕೆ ಮಾತ್ರ ನೂರೆಂಟು ಕಟ್ಟಳೆ. ರಕ್ತ ಬರಿಹೊಟ್ಟೆಯದಾಗಿರಬೇಕು. ತೆಗೆದ ಕೂಡಲೇ ತಂಪು ಡಬ್ಬಿಗೆ ಸೇರಬೇಕು. ಕುಲುಕಬಾರದು. ಎರಡು ತಾಸಿನೊಳಗೆ ಲ್ಯಾಬಿನ ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಬೇರೆ ಮಾಡಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಫ್ರೀಜರಿಗೆ ಹಾಕಬೇಕು. ರಕ್ತ ಬಿಸಿಯಾದರೆ ಅದರ ಕೆಂಪು ಕಣಗಳು ಒಡೆಯುತ್ತವೆ, ಅವುಗಳ ಒಳಗಿದ್ದದ್ದೆಲ್ಲ ಚೆಲ್ಲುತ್ತದೆ. ಆಮೇಲೆ ಎದೆಯ ಗಂಟು ಯಾವುದು, ಒಡೆದ ಕಣದ ಗಂಟು ಯಾವುದು ಎಂದು ಹೇಳಲು ಬರುವುದಿಲ್ಲ. "ಒಬ್ರ ರಕ್ತ ನೆರಳಾಗ, ಒಬ್ರದು ಬಿಸಲಾಗ ಬಂತಂದ್ರ, ಬಿಸಲಿನ ಗುರುತನ್ನ ನಾವು ರೋಗದ ಗುರುತು ಅಂತ ಬರದುಬಿಡ್ತೀವಿ. ಅದಕ್ಕಿಂತ ದೊಡ್ಡ ಸುಳ್ಳು ಇಲ್ಲ" ಎಂದಿದ್ದರು ನೇತ್ರಾ. ಆ ಮಾತು ದಶರಥನಿಗೆ ನಾಟಿತ್ತು.

ಅರವತ್ತು ರೋಗಿಗಳು ಒಪ್ಪಿಕೊಂಡಿದ್ದರು. ಒಬ್ಬೊಬ್ಬರದು ಮೂರು ಸಲ: ಮೊದಲು ಒಂದು, ಆರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು. ಮೂರೂ ಸಲ ಪೂರ್ತಿ ಕೊಟ್ಟವರು ನಲವತ್ತು ಮಂದಿಯಾದರೂ ಆಗಬೇಕು, ಇಲ್ಲದಿದ್ದರೆ ಮೂರು ವರ್ಷದ ದುಡಿಮೆಯಿಂದ ಗಟ್ಟಿಯಾಗಿ ಏನೂ ಹೇಳಲು ಬರುವುದಿಲ್ಲ ಎಂದು ಲೆಕ್ಕ ಹಾಕುವವರು ಮೊದಲೇ ಹೇಳಿಟ್ಟಿದ್ದರು. ಆದರೆ ಕೆಲವರು ತೀರಿಕೊಂಡರು. ಕೆಲವರು ಊರು ಬಿಟ್ಟರು. ಉಳಿದವರಲ್ಲಿ ಅರ್ಧ ಜನ "ಆರಾಮ ಅದೀವಲ್ಲ, ಮತ್ಯಾಕ" ಎಂದು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. "ಅವರು ಬರದಿದ್ರ ನಾ ಹೋಗ್ತೀನ್ರಿ" ಎಂದ ದಶರಥ. ನಸುಕಿನಲ್ಲಿ ಸ್ಕೂಟರಿನ ಮುಂದೆ ನೀಲಿ ಡಬ್ಬಿ ಇಟ್ಟುಕೊಂಡು ತಿಕೋಟಾ, ಬಬಲೇಶ್ವರ, ನಡುವಿನ ಹಳ್ಳಿ, ತೋಟದ ಮನೆ ಒಂದನ್ನೂ ಬಿಡದೆ ತಿರುಗಿದ. ಏಪ್ರಿಲ್ ತಿಂಗಳ ಎರಡನೆಯ ಶನಿವಾರ ಬರುವಷ್ಟರಲ್ಲಿ ಮೂವತ್ತೊಂಬತ್ತಾಗಿದ್ದವು. ಸೋಮವಾರ ಬೆಳಿಗ್ಗೆ ಮಾದರಿಗಳೆಲ್ಲ ಪರೀಕ್ಷೆಗೆ ಪುಣೆಗೆ ಹೊರಡುವುದಿತ್ತು. ಉಳಿದವಳು ಒಬ್ಬಳೇ, ತಿಕೋಟಾದ ಗುರುಬಸವ್ವ.

ಗುರುಬಸವ್ವನಿಗೆ ಎಪ್ಪತ್ತೊಂದು. ದ್ರಾಕ್ಷಿ ತೋಟದ ನಡುವೆ ಮನೆ. ಮಗ ಸಿದ್ದಲಿಂಗೇಶ ಒಣದ್ರಾಕ್ಷಿ ವ್ಯಾಪಾರ ಮಾಡುತ್ತಾನೆ. ಲಿಂಗಪೂಜೆ ಆಗುವ ತನಕ ಹನಿ ನೀರೂ ಮುಟ್ಟದವಳಾದ್ದರಿಂದ ಬರಿಹೊಟ್ಟೆಯ ರಕ್ತಕ್ಕೆ ಅವಳಷ್ಟು ನಂಬಿಕಸ್ಥ ರೋಗಿ ದಶರಥನ ಪಟ್ಟಿಯಲ್ಲಿ ಇನ್ನೊಬ್ಬರಿರಲಿಲ್ಲ. ಕಟ್ಟಳೆಯ ಹೆಂಗಸು. ಕಟ್ಟಳೆ ಅಂದಮೇಲೆ ಎಲ್ಲ ಕಟ್ಟಳೆಯೂ ಸೇರಿತು. ವರ್ಷದ ಹಿಂದೆ ಮೊದಲ ಸಲ ಹೋದಾಗ "ಯಾವೂರ? ಯಾರ ಪೈಕಿ?" ಎಂದು ಕೇಳಿದಳು. ದಶರಥ ಮುಚ್ಚಿಡುವವನಲ್ಲ. "ಬಬಲೇಶ್ವರದವ್ರಿ. ನಮ್ಮ ಓಣಿ ಊರ ಹೊರಗ ಇತ್ರಿ" ಎಂದ. ಅಷ್ಟು ಸಾಕಾಯಿತು. ರಕ್ತ ತೆಗೆದದ್ದು ಹೊರಗಿನ ಕಟ್ಟೆಯ ಮೇಲೆ. ಮುಟ್ಟದೆ ರಕ್ತ ತೆಗೆಯುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವಾದ್ದರಿಂದ, ಅವನ ಕೈಗೆ ರಬ್ಬರಿನ ಗವಸು ಇದ್ದದ್ದೇ ಅವಳಿಗೆ ದೊಡ್ಡ ಸಮಾಧಾನ. ಅಂದು ಚಹಾ ಬಂದದ್ದು ಕಾಗದದ ಕಪ್ಪಿನಲ್ಲಿ. ಆರು ತಿಂಗಳ ಮೇಲೆ ಹೋದಾಗ ಸ್ಟೀಲಿನ ಲೋಟದಲ್ಲಿ ಬಂತು, ಆದರೆ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ದಶರಥ ಎರಡೂ ಸಲ ಕುಡಿದ. ತಾನು ಬಂದದ್ದು ರಕ್ತಕ್ಕೆ ಎಂದು ತನಗೇ ಹೇಳಿಕೊಂಡ. ಉರಿಯಲಿಲ್ಲವೇ ಎಂದರೆ, ಉರಿಯಿತು. ಐವತ್ತೊಂದು ವರ್ಷವಾದರೂ ಅದು ರೂಢಿಯಾಗುವಂಥದಲ್ಲ.

ಆ ಶನಿವಾರ ಏಳೂಕಾಲಿಗೆ ಎರಡು ಟ್ಯೂಬು ರಕ್ತ ಸಲೀಸಾಗಿ ಸಿಕ್ಕಿತು. ಡಬ್ಬಿಯಲ್ಲಿ ಮಂಜಿನ ಚೀಲಗಳ ನಡುವೆ ಟ್ಯೂಬು ನಿಲ್ಲಿಸಿ, ಮುಚ್ಚಳ ಬಿಗಿದು ಸ್ಕೂಟರಿನ ಹತ್ತಿರ ಬಂದು ನೋಡಿದರೆ ಹಿಂದಿನ ಗಾಲಿ ನೆಲಕ್ಕೆ ಕೂತಿತ್ತು. ಜಾಲಿಮುಳ್ಳು. ಪಂಕ್ಚರ್ ಅಂಗಡಿ ಅಥಣಿ ರಸ್ತೆಯ ಮೇಲೆ, ಮುಕ್ಕಾಲು ಮೈಲಿ. ತೋಟದ ದಾರಿಯ ಕಲ್ಲಿನಲ್ಲಿ ಗಾಡಿ ನೂಕುತ್ತ ಹೋದರೆ ಡಬ್ಬಿ ಕುಲುಕುತ್ತದೆ. ದಶರಥ ಯೋಚನೆ ಮಾಡಿದ. ಯೋಚನೆ ಮಾಡಿದ್ದೇ ತಪ್ಪಾಯಿತು ಎಂದು ಆಮೇಲೆ ಹೇಳುತ್ತಾನೆ.

"ಅವ್ವಾರ, ಡಬ್ಬಿ ಇಲ್ಲೇ ಪಡಸಾಲಿ ನೆರಳಿನಾಗ ಇರ್ಲಿರಿ. ಅರ್ಧ ತಾಸಿನಾಗ ಬರ್ತೀನಿ."

"ಇರ್ಲಿ ಇರ್ಲಿ. ಎಲ್ಲಿ ಹೋಗತೈತಿ ಅದು" ಎಂದಳು ಗುರುಬಸವ್ವ.

ಪಂಕ್ಚರ್ ಅಂಗಡಿಯವನು ಬಂದದ್ದೇ ಎಂಟು ಗಂಟೆಗೆ. ದಶರಥ ತಿರುಗಿ ಬಂದಾಗ ಎಂಟೂವರೆ ಸಮೀಪಿಸಿತ್ತು. ಲ್ಯಾಬಿಗೆ ಮುಕ್ಕಾಲು ತಾಸಿನ ದಾರಿ. ಹೊತ್ತು ಬಿಗಿಯಾಗಿತ್ತು, ಕೈಮೀರಿರಲಿಲ್ಲ. ಡಬ್ಬಿ ಎತ್ತಿದ. ಭಾರ ಹೆಚ್ಚಾಗಿತ್ತು. ಮುಚ್ಚಳ ತೆಗೆದು ನೋಡಿದ.

ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಬಿಸಿ ಜೋಳದ ರೊಟ್ಟಿ. ಪಕ್ಕದಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪುಟ್ಟ ಗಂಟು. ಕೆಳಗೆಲ್ಲ ಒಣದ್ರಾಕ್ಷಿ, ಮೇಲಿನ ದರ್ಜೆಯದು, ಹಸಿರು ಹೊಳಪಿನದು. ಮಂಜಿನ ಚೀಲವೂ ಇಲ್ಲ, ರಕ್ತವೂ ಇಲ್ಲ.

"ಅವ್ವಾರ! ಇದರಾಗಿನ ರಕ್ತ ಎಲ್ಲೈತ್ರಿ?"

"ಐತಿ ತಗೋ, ಯಾಕ ಹೌಹಾರತಿ?" ಎನ್ನುತ್ತ ಗುರುಬಸವ್ವ ಏದುಸಿರು ಬಿಡುತ್ತ ಹೊರಗೆ ಬಂದಳು. ಮುಖದಲ್ಲಿ ಏನೋ ದೊಡ್ಡ ಕೆಲಸ ಮುಗಿಸಿದ ಗೆಲುವು. "ಮುಟ್ಟಿ ನೋಡಿದ್ರ ಬರ್ಫಿನಂಗ ಥಂಡಿ ಆಗಿತ್ತು. ಹಂಗ ಬಿಟ್ರ ಹೆಪ್ಪ ಕಟ್ಟೀತು ಅಂತ ಕಟ್ಟಿ ಮ್ಯಾಲ ಬಿಸಲಿಗಿ ಇಟ್ಟೀನಿ. ನೋಡ, ಅಲ್ಲೈತಿ."

ಕಟ್ಟೆಯ ಮೇಲೆ, ತೊಳೆದ ಹಿತ್ತಾಳೆ ತಾಟಿನಲ್ಲಿ ಎರಡೂ ಟ್ಯೂಬು ಅಂಗಾತ ಮಲಗಿದ್ದವು. ತಿಕೋಟಾದ ಏಪ್ರಿಲ್ ಬಿಸಿಲು ಎಂಟು ಗಂಟೆಗೇ ತಾಟನ್ನು ಕಾಯಿಸಿಬಿಟ್ಟಿತ್ತು. ದಶರಥ ಟ್ಯೂಬು ಕೈಗೆತ್ತಿಕೊಂಡ. ಹಸುಗೂಸಿಗೆ ಕೊಡುವ ಹಾಲಿನಷ್ಟು ಬೆಚ್ಚಗಿತ್ತು.

"ಡಬ್ಬಿ ಯಾಕ ಬಿಚ್ಚಿದ್ರಿ ಅವ್ವಾರ?"

"ಮತ್ತೇನ? ನಮ್ಮ ಮನಿಗಿ ಬಂದ ಡಬ್ಬಿ ಬರಿದು ಹೊಳ್ಳಿ ಕಳಸೂ ಪದ್ಧತಿ ಇಲ್ಲ ತಮ್ಮಾ. ನೀ ಎರಡ ಸಲ ಬಂದಿ, ಎರಡೂ ಸಲ ಬರಿದ ಕಳಸೀನಿ. ಮನಸಿಗಿ ಹತ್ತಿತ್ತು ನನಗ. ಮಂದೀಗಿ ಒಂದು, ನಿನಗೊಂದು ಮಾಡಿದಂಗಾತು ಅಂತ. ಈ ಸಲ ನಾನ ಕುಂತು ರೊಟ್ಟಿ ಬಡದೀನಿ."

ಎದೆಬಲ ಕಳೆದುಕೊಂಡ ಹೆಂಗಸು ಒಲೆಯ ಮುಂದೆ ಕೂತು ಅವನಿಗಾಗಿ ರೊಟ್ಟಿ ಬಡಿದಿದ್ದಳು. ದಶರಥನಿಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದನ್ನು ಮೊದಲು ಮಾಡಬೇಕೋ ತಿಳಿಯಲಿಲ್ಲ. ಅವನ ವಂಶದಲ್ಲಿ ಯಾರಿಗೂ ಇಂಥ ಮನೆಯಿಂದ ಡಬ್ಬಿ ತುಂಬಿ ಬಂದದ್ದಿಲ್ಲ. ಬಂದ ಮರ್ಯಾದೆಯೂ ಸರಿಯಾದ ಡಬ್ಬಿ ನೋಡಿಕೊಂಡು ಬರಬಾರದೇ! ಅವನು ಕಟ್ಟೆಯ ಮೇಲೆ ಕುಸಿದು ಕೂತ.

ಅಷ್ಟರಲ್ಲಿ ಮಗ ಸಿದ್ದಲಿಂಗೇಶ ಶೆಡ್ಡಿನ ಕಡೆಯಿಂದ ಬಂದ. ಆದದ್ದನ್ನು ಕೇಳಿ ಕೈ ಕೊಡವಿದ. "ಅಷ್ಟಕ್ಕ ಯಾಕ ತಲಿ ಕೆಡಸ್ಕೋತೀರಿ? ಮಂಜಿನ ಚೀಲ ಬಚ್ಚಲದಾಗ ಅದಾವ, ಹೊಳ್ಳಿ ಇಡ್ರಿ, ಟ್ಯೂಬ್ ಇಡ್ರಿ, ಹೋಗ್ರಿ. ಅರ್ಧ ತಾಸು ಬಿಸಲಿಗಿ ಇತ್ತು ಅಂತ ರಕ್ತ ಬಾಯಿ ಬಿಟ್ಟು ಹೇಳತೈತೇನ?"

ರಕ್ತ ಹೇಳುವುದಿಲ್ಲ. ಚೀಟಿಯಲ್ಲಿ ಬರೆಯುವವನು ದಶರಥನೇ. "ತೆಗೆದ ಹೊತ್ತು, ಇಟ್ಟ ರೀತಿ" ಎಂಬ ಎರಡು ಸಾಲಿನ ಮುಂದೆ ಅವನು ಏನು ಬರೆದರೂ ಅದೇ ಸತ್ಯ. ಇಷ್ಟು ವರ್ಷ ಅವನ ಕೈ ಬರೆದದ್ದನ್ನು ಯಾರೂ ತಿರುಗಿ ನೋಡಿಲ್ಲ. ನಲವತ್ತು ಆಗಿಬಿಡುತ್ತದೆ. ತಿಳಿ ತುಸು ಕೆಂಪಾದರೆ ಸೂಜಿ ಸರಿಯಾಗಿ ಕೂರಲಿಲ್ಲ ಅಂದರಾಯಿತು. ದಶರಥ ಒಂದು ಗಳಿಗೆ ಆ ದಾರಿಯಲ್ಲಿ ಮನಸ್ಸನ್ನು ನಡೆಯಲು ಬಿಟ್ಟ ಎಂಬುದನ್ನು ಮುಚ್ಚಿಡುವುದು ಬೇಡ. ಆದರೆ ಅಪ್ಪ ನೆನಪಾದ. ಮುಂದೆ ಯಾವನೋ ಕೂಲಿಯವನ ರಕ್ತ ನೋಡಿ, "ನಿನಗೇನೂ ಆಗಿಲ್ಲ, ಹೋಗು" ಎಂದು ಕಳಿಸಿದರೆ, ಆ ಸುಳ್ಳಿನಲ್ಲಿ ಈ ಟ್ಯೂಬಿನ ಪಾಲೂ ಇರುತ್ತದೆ. ಫೋನ್ ತೆಗೆದು ನೇತ್ರಾ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ.

"ಆ ರಕ್ತ ತರಬ್ಯಾಡ್ರಿ ದಶರಥಣ್ಣ" ಎಂದರು ನೇತ್ರಾ. "ಅವ್ವಾರ ನಾಳಿಗಿ ಬರಿಹೊಟ್ಟಿಲೆ ಇನ್ನೊಮ್ಮೆ ಕೊಟ್ರ ಸರಿ. ಒಲ್ಲೆ ಅಂದ್ರ ಒಂದ ಮಾತೂ ಒತ್ತಾಯ ಮಾಡಬ್ಯಾಡ್ರಿ. ಅದು ಅವರ ಹಕ್ಕು."

ದಶರಥ ಎದ್ದು ಗುರುಬಸವ್ವನ ಮುಂದೆ ನಿಂತ. "ಅವ್ವಾರ, ಈ ರಕ್ತ ಕೆಟ್ಟೈತ್ರಿ. ನಾಳಿಗಿ ಇನ್ನೊಮ್ಮೆ ಕೊಡ್ತೀರೇನ್ರಿ?"

"ನಮ್ಮವ್ವೇನ ಆಕಳೇನ್ರಿ, ದಿನಾ ಹಿಂಡಾಕ?" ಎಂದು ಸಿದ್ದಲಿಂಗೇಶ ಹರಿಹಾಯ್ದ. ಅವನ ಸಿಟ್ಟಿನಲ್ಲೂ ನ್ಯಾಯವಿತ್ತು. ತಾಯಿಯ ಕೈ ಆಗಲೇ ಬಾಡಿದ ಬಳ್ಳಿಯಂತಿತ್ತು.

ಗುರುಬಸವ್ವನಿಗೆ ಮಗನ ಮಾತು ಕೇಳಿಸಿದಂತಿರಲಿಲ್ಲ. ಅವಳು ತಾಟು ನೋಡುತ್ತಿದ್ದಳು. ಮುಖದ ಗೆಲುವು ಹೋಗಿತ್ತು.

"ಯಾಕ ಕೆಟ್ಟಿತು?" ಎಂದಳು. ಆಮೇಲೆ ದನಿ ಇಳಿಸಿ ಕೇಳಿದಳು: "ನಾ ಮುಟ್ಟಿದ್ದಕ್ಕ ಕೆಟ್ಟಿತೇನ ತಮ್ಮಾ?"

ಸಿದ್ದಲಿಂಗೇಶ ಮುಖ ಆಚೆ ತಿರುಗಿಸಿದ. ದಶರಥನಿಗೆ ತಾನು ಕೇಳಿದ್ದು ನಿಜವೇ ಎಂದು ನಂಬಲಾಗಲಿಲ್ಲ. ಊರ ಬಾವಿ ಕೆಡುತ್ತದೆ, ಗುಡಿ ಕೆಡುತ್ತದೆ, ಲೋಟ ಕೆಡುತ್ತದೆ ಎಂದು ಅವನ ಜನ ಕೇಳಿಸಿಕೊಂಡೇ ಬದುಕಿದ್ದರು. ಯಾರು ಮುಟ್ಟಿದರೆ ಯಾವುದು ಕೆಡುತ್ತದೆ ಎಂದು ಹೇಳುವ ಅಧಿಕಾರ ಎಂದೂ ಅವರ ಕಡೆ ಬಂದಿರಲಿಲ್ಲ. ಇವತ್ತು ಬಂದಿತ್ತು, ಕೇಳಿದವಳು ಅವನ ಉತ್ತರಕ್ಕೆ ಕಾಯುತ್ತಿದ್ದಳು. ಹೌದು ಎಂದುಬಿಡಲೇ ಎಂದು ಅನಿಸಿತು. ಒಂದೇ ಒಂದು ಸಲ, ಇಷ್ಟು ತಲೆಮಾರಿನ ಸಲುವಾಗಿ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ. ನುಂಗಿದ್ದು ದೊಡ್ಡತನದಿಂದ ಅಲ್ಲ. ಅದು ಸುಳ್ಳಾಗಿತ್ತು, ಸುಳ್ಳು ಬರೆಯುವುದಿಲ್ಲ ಎಂದು ಈಗತಾನೇ ನಿಶ್ಚಯ ಮಾಡಿದ್ದ.

"ಅಲ್ಲ ಅವ್ವಾರ" ಎಂದ. "ಬಿಸಲಿಗಿ ಇಟ್ಟಿದ್ದಕ್ಕ ಕೆಟ್ಟಿತ್ರಿ. ಡಬ್ಬಿ ಬಿಟ್ಟು ಹೋಗಿದ್ದು ನನ್ನ ತಪ್ಪು. ಮುಟ್ಟಿದ್ರ ಯಾವ ರಕ್ತಾನೂ ಕೆಡಂಗಿಲ್ಲ. ಯಾರು ಮುಟ್ಟಿದ್ರೂ ಕೆಡಂಗಿಲ್ಲ."

ಅವಳು ತಾಟಿನಿಂದ ಕಣ್ಣೆತ್ತಿದಳು. "ಮತ್ತ ಕೊಟ್ರ ನನಗೇನ ಆಗತೈತಿ? ನನ್ನ ಎದಿ ನೆಟ್ಟಗ ಆಗತೈತೇನ?"

ಹಿಂದೆ ಎರಡು ಸಲ ಅವಳು ಇದನ್ನು ಕೇಳಿದಾಗ ದಶರಥ "ಎಲ್ಲಾ ಚಲೋ ಆಗತೈತ್ರಿ" ಎಂದು ಜಾರಿಕೊಂಡಿದ್ದ. ಒಪ್ಪಿಗೆಯ ಕಾಗದದಲ್ಲಿ ಇಲ್ಲ ಎಂದು ಬರೆದದ್ದು ಅವನಿಗೆ ಗೊತ್ತಿತ್ತು, ಆದರೆ ಬಾಯಿಂದ ಹೇಳಲು ಮನಸ್ಸಾಗಿರಲಿಲ್ಲ. ಇವತ್ತು ಹೇಳಿದ.

"ನಿಮಗ ಏನೂ ಆಗಂಗಿಲ್ರಿ. ನಿಮ್ಮ ಗುಳಿಗಿ ಹಂಗ ಮುಂದವರೀತಾವ. ಈ ರಕ್ತ ನಿಮ್ಮ ಸಲುವಾಗಿ ಅಲ್ಲ. ನಮ್ಮಪ್ಪ ಹಿಂಗ ಹ್ವಾದ. ಹೋಗೂಕಿಂತ ಎರಡ ವರ್ಷ ಮೊದಲ ಚೀಲ ಹೊರತಿದ್ದ, ಯಾರಿಗೂ ಗೊತ್ತಾಗಲಿಲ್ಲ. ಮುಂದ ಯಾರದರೆ ಮನ್ಯಾಗ ಗೊತ್ತಾಗಲಿ ಅಂತ. ಅದೂ ಆಗತೈತಿ ಅಂತ ನಾ ಖಾತ್ರಿ ಕೊಡಾಂಗಿಲ್ಲ. ಈಗ ಹೂಂ ಅನ್ರಿ, ಒಲ್ಲೆ ಅನ್ರಿ, ನಿಮ್ಮ ಮನಸು."

ಗುರುಬಸವ್ವ ಹೂಂ ಅನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ದಶರಥ ರೊಟ್ಟಿ, ಹಿಂಡಿ, ದ್ರಾಕ್ಷಿಗಳನ್ನು ಬೇರೆ ಚೀಲಕ್ಕೆ ತುಂಬಿಕೊಂಡ. ಕೆಟ್ಟ ರಕ್ತವನ್ನು ಆಸ್ಪತ್ರೆಯಲ್ಲಿ ಚೆಲ್ಲಲು ಎತ್ತಿಟ್ಟುಕೊಂಡ. ಹೊರಡುವಾಗ ಸಿದ್ದಲಿಂಗೇಶ, "ನಾಳಿ ಬರಬ್ಯಾಡ್ರಿ. ಸುಮ್ನ ಪೆಟ್ರೋಲ್ ಖರ್ಚು" ಎಂದ.

ಭಾನುವಾರ ಆರೂವರೆಗೆ ದಶರಥ ತೋಟದ ಮನೆಯ ಮುಂದಿದ್ದ. ಬಾಗಿಲು ಹಾಕಿತ್ತು. ಕರೆಯಲಿಲ್ಲ, ಕರೆದರೆ ಅದೇ ಒತ್ತಾಯವಾಗುತ್ತದೆ ಎಂದುಕೊಂಡ. ಈ ಸಲ ಗಾಳಿ ತುಂಬಿಸಿ, ಎರಡೂ ಗಾಲಿ ಒತ್ತಿ ನೋಡಿಕೊಂಡೇ ಬಂದಿದ್ದ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಏಳಾಯಿತು. ಒಳಗೆ ಯಾರೋ ಓಡಾಡುವ ಸದ್ದು ಕೇಳಿಸಿತು, ಬಾಗಿಲು ತೆರೆಯಲಿಲ್ಲ. ನೆಲದ ಮೇಲೆ ಬಿ‌ಸಿಲು ಒಂದೊಂದೇ ಗೇಣು ಮುಂದೆ ಬರುತ್ತಿತ್ತು. ಮೂವತ್ತೊಂಬತ್ತಕ್ಕೇ ನಿಂತರೆ ನೇತ್ರಾ ಅವರ ಮುಖ ಹೇಗೆ ನೋಡುವುದು ಎಂದು ಯೋಚಿಸಿದ. ನೋಡಬಹುದು, ಸುಳ್ಳು ಹೇಳಿ ನೋಡುವುದಕ್ಕಿಂತ ಸುಲಭ ಎಂದೂ ಅನಿಸಿತು. ಏಳೂಕಾಲಿಗೆ ಬಾಗಿಲು ತೆರೆಯಿತು.

ಸಿದ್ದಲಿಂಗೇಶ ನಿಂತಿದ್ದ. ಮುಖ ಬಿಗಿದುಕೊಂಡೇ, "ಒಳಗ ಬರಬೇಕಂತ್ರಿ" ಎಂದ.

ದಶರಥ ಹೊಸ್ತಿಲಿನ ಈಚೆಯೇ ನಿಂತ. "ಇಲ್ಲೇ ಕಟ್ಟಿ ಮ್ಯಾಲ ತಗೋತೀನಲ್ರಿ, ಯಾವಾಗೂ ಹಂಗ..."

"ಕಟ್ಟಿ ಮ್ಯಾಲ ಬಿಸಲ ಬರತೈತಿ" ಎಂದು ಒಳಗಿನಿಂದ ಗುರುಬಸವ್ವನ ದನಿ ಬಂತು. "ಹೊಳ್ಳಿ ಕೆಟ್ಟ ಗಿಟ್ಟೀತು. ಒಳಗ ಬಾ."

ನಡುಮನೆಯ ಮಂಚದ ಮೇಲೆ ಅವಳು ಕೂತಿದ್ದಳು. ಪೂಜೆ ಮುಗಿಸಿದ ವಿಭೂತಿ ಹಣೆಯ ಮೇಲಿತ್ತು. ಕುಪ್ಪಸದ ತೋಳು ಆಗಲೇ ಮೇಲೇರಿಸಿಕೊಂಡಿದ್ದಳು. ದಶರಥ ಮಂಚದ ಪಕ್ಕ ಕೂತು ಕೈ ಹಿಡಿದ. ಬಲಗೈಯ ನರ ನಿನ್ನೆಯ ಚುಚ್ಚಿಗೆ ಕಂದಿ ಅಡಗಿತ್ತು. ಎಡಗೈಗೆ ಸೂಜಿ ಇಟ್ಟ; ನರ ಜಾರಿತು, ಒಂದು ಹನಿಯೂ ಬರಲಿಲ್ಲ. ಅವಳು ಹಲ್ಲು ಕಚ್ಚಿದಳು. ಒಂದು ದಿನಕ್ಕೆ ಒಬ್ಬರಿಗೆ ಎರಡೇ ಚುಚ್ಚು, ಮೂರನೆಯದು ಇಲ್ಲ, ಇದು ನೇತ್ರಾ ಅವರ ಕಟ್ಟಳೆ. ಉಳಿದದ್ದು ಒಂದು. ದಶರಥ ಮುಂಗೈ ಒತ್ತಿ ಒತ್ತಿ ಹುಡುಕಿದ. ಗವಸಿನೊಳಗೆ ಬೆರಳಿಗೆ ನರದ ಸುಳಿವು ಹತ್ತಲಿಲ್ಲ.

"ಆ ರಬ್ಬರ ತಗದ ನೋಡ" ಎಂದಳು ಗುರುಬಸವ್ವ.

"ಚುಚ್ಚೂಮುಂದ ಹಾಕೋಬೇಕ್ರಿ. ಕಾಯ್ದೆ ಐತಿ."

"ಚುಚ್ಚೂಮುಂದ ಹಾಕೋ. ಹುಡಕೂಮುಂದ ತಗಿ."

ದಶರಥ ಗವಸು ಕಳಚಿದ. ಬರಿಬೆರಳಿನಿಂದ ಅವಳ ಮುಂಗೈಯ ಮೇಲೆ ಮೆಲ್ಲಗೆ ಸವರುತ್ತ ಹೋದ. ಮಣಿಕಟ್ಟಿನ ಸ್ವಲ್ಪ ಮೇಲೆ, ಕಣ್ಣಿಗೆ ಕಾಣದ ಒಂದು ನರ ಬೆರಳ ಕೆಳಗೆ ಪುಟಿಯಿತು. ಅಲ್ಲಿಯೇ ಕಣ್ಣಿಟ್ಟು, ಸ್ಪಿರಿಟ್ ಒರೆಸಿ, ಹೊಸ ಗವಸು ಹಾಕಿಕೊಂಡು ಸೂಜಿ ಇಳಿಸಿದ. ರಕ್ತ ಬಂತು. ಮೊದಲು ನಿಧಾನಕ್ಕೆ, ಆಮೇಲೆ ಸಲೀಸಾಗಿ. ಒಂದು ಟ್ಯೂಬು ತುಂಬಿತು. ಎರಡನೆಯದೂ ತುಂಬಿತು.

ಟ್ಯೂಬುಗಳು ಡಬ್ಬಿ ಸೇರಿದವು. ಎದ್ದು ಹೊರಡುವಾಗ ಗುರುಬಸವ್ವ ಹತ್ತಿ ಒತ್ತಿಕೊಂಡು ಕೂತಲ್ಲಿಂದಲೇ ಹೇಳಿದಳು. "ಯಾರು ಮುಟ್ಟಿದ್ರೂ ಕೆಡಂಗಿಲ್ಲ ಅಂದಿ ನಿನ್ನಿ. ಇಷ್ಟ ವರ್ಷ ನಮಗ ಯಾರೂ ಹೇಳಿದ್ದಿಲ್ಲ ನೋಡ." ದಮ್ಮು ತೆಗೆದುಕೊಂಡಳು. "ಹೇಳಿದ್ದಿಲ್ಲ ಅಂತಲ್ಲ. ಹೇಳಿದ್ರು. ಶರಣರ ವಚನ ಬಾಯಿಪಾಠನೂ ಮಾಡೇವಿ. ನಾವ ಕೇಳಿದ್ದಿಲ್ಲ."

ದಶರಥ ನಿಂತುಬಿಟ್ಟ. ಹೇಳುವುದು ಬಹಳ ಇತ್ತು. ಕಾಗದದ ಕಪ್ಪಿನ ಮಾತಿತ್ತು, ಅದಕ್ಕೂ ಹಿಂದಿನ ಮಾತಿತ್ತು. ಪರವಾಗಿಲ್ಲ ಬಿಡ್ರಿ ಎಂದು ಹೇಳಿ ಮುಗಿಸುವಂಥದಲ್ಲ ಅದು. ಹಾಗೆ ಹೇಳಲು ಅವನಿಗೆ ಇಷ್ಟವೂ ಇರಲಿಲ್ಲ. ಆದರೆ ಏಳು ನಲವತ್ತಾಗಿತ್ತು, ಕೈಯಲ್ಲಿ ನಲವತ್ತನೆಯ ರಕ್ತವಿತ್ತು.

"ಅವ್ವಾರ, ಈ ಮಾತಿಗಿ ಕುಂತು ಮಾತಾಡಬೇಕ್ರಿ, ನಿಂತಲ್ಲ" ಎಂದ. "ಈಗ ರಕ್ತ ಕಾಯಂಗಿಲ್ಲ. ನಾ ಬರ್ತೀನಿ."

ಅಥಣಿ ರಸ್ತೆಯಲ್ಲಿ ಒಂದು ಗುಂಡಿಗೂ ಗಾಲಿ ಇಳಿಸದೆ ಸ್ಕೂಟರ್ ಓಡಿಸಿದ. ಎಂಟೂವರೆಗೆ ರಕ್ತ ಯಂತ್ರದಲ್ಲಿ ತಿರುಗುತ್ತಿತ್ತು. ಭಾನುವಾರವಾದರೂ ನೇತ್ರಾ ಬಂದು ಬಾಗಿಲ ಬಳಿ ನಿಂತಿದ್ದರು. ಯಂತ್ರ ನಿಂತಿತು. ದಶರಥ ಟ್ಯೂಬನ್ನು ಬೆಳಕಿಗೆ ಹಿಡಿದ. ಕೆಳಗೆ ಕೆಂಪು, ಮೇಲೆ ಜೋಳದ ಗಂಜಿಯ ಮೇಲಿನ ತಿಳಿಯಂಥ ಹಳದಿ. ಕೆಂಪಿನ ಒಂದು ಎಳೆಯೂ ಇರಲಿಲ್ಲ. ನೇತ್ರಾ ಕನ್ನಡಕ ತೆಗೆದು ಒರೆಸಿಕೊಂಡರು.

ಎರಡನೆಯ ಸಲ ತಿರುಗಿಸಿ, ತಿಳಿಯನ್ನು ಪುಟ್ಟ ಸೀಸೆಗಳಿಗೆ ಹಂಚಿ ದಶರಥ ಫ್ರೀಜರಿಗೆ ಇಟ್ಟ. ಚೀಟಿಯಲ್ಲಿ ಬರೆದ: "ಶನಿವಾರದ ಮಾದರಿ ಕೆಟ್ಟಿತು. ಕಾರಣ, ಡಬ್ಬಿಯನ್ನು ಬಿಟ್ಟು ಹೋದವನು ನಾನು. ಭಾನುವಾರ ಮತ್ತೆ ತೆಗೆಯಲಾಗಿದೆ." ಸಹಿ ಹಾಕಿದ. ಮೂರು ವರ್ಷದ ಓಡಾಟ ಮುಗಿದಿತ್ತು. ಪುಣೆಯ ಯಂತ್ರಗಳು ಏನು ಹೇಳುತ್ತವೋ, ಯಾವಾಗ ಹೇಳುತ್ತವೋ, ಅದು ಅವನ ಕೈಯಲ್ಲಿರಲಿಲ್ಲ.

ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತ. ಎಡಕ್ಕೆ ಹೋದರೆ ಇಬ್ರಾಹಿಂಪುರ, ಮನೆ, ಎರಡು ದಿನದ ನಿದ್ದೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಜೇಬಿನಿಂದ ಫೋನ್ ತೆಗೆದು ರುಕ್ಮವ್ವನಿಗೆ ಹಚ್ಚಿದ.

"ಮಧ್ಯಾನ ಊಟಕ್ಕ ನನ್ನ ಹಾದಿ ನೋಡಬ್ಯಾಡ" ಎಂದ.

"ಯಾಕ? ರಕ್ತ ಸಿಗಲಿಲ್ಲೇನ ಇವತ್ತೂ?"

"ರಕ್ತ ಸಿಕ್ಕೈತಿ. ತಿಕೋಟಾದಾಗ ಒಂದ ಮಾತ ಅರ್ಧಕ್ಕ ಬಿಟ್ಟ ಬಂದೀನಿ. ಅದನ್ನ ಮುಗಿಸಿ ಬರ್ತೀನಿ."